ಕ್ಲೇಪಿಟ್ ಫಾರ್ಮಿನ ಕುರುಡು ಕಿಟಕಿ

ಕ್ಲೇಪಿಟ್ ಫಾರ್ಮ್, ನಾರ್ಫೋಕ್
9 ನವೆಂಬರ್ 1986

ಭೋಜ,

ನಾನು ಕ್ಷೇಮ. ನೀನು, ಉಮಾವತಿ, ಮಕ್ಕಳು ಮಸ್ಕತ್ತಿನಲ್ಲಿ ಕ್ಷೇಮವೆಂದು ನಂಬಿದ್ದೇನೆ. ಇಷ್ಟು ವಾಡಿಕೆಗೆ ಬರೆದದ್ದು. ಇನ್ನು ಬರೆಯುವುದೆಲ್ಲ ಸಿಟ್ಟಿನಲ್ಲಿ.

ನಮ್ಮ ಅಡುಗೆಮನೆಯ ಮೂಡುಗೋಡೆಯಲ್ಲಿ ಒಂದು ಕಿಟಕಿಯ ಆಕಾರ ಇದೆ. ಮೇಲೆ ಕಮಾನು, ಕೆಳಗೆ ಹಲಗೆಕಲ್ಲು, ನಡುವೆ ಬರೀ ಇಟ್ಟಿಗೆ. ಹಿಂದೆ ಈ ದೇಶದಲ್ಲಿ ಕಿಟಕಿಗಳಿಗೆ ತೆರಿಗೆ ಇತ್ತಂತೆ. ಆಗ ಯಾರೋ ಪುಣ್ಯಾತ್ಮ ಮುಚ್ಚಿಸಿದ್ದು ಎಂದು ಎಡ್ಮಂಡ್ ಹೇಳುತ್ತಿದ್ದ. ಅವನನ್ನು ಮದುವೆಯಾಗಿ ನಾನು ಈ ಮನೆಗೆ ಬಂದಾಗಿನಿಂದ 'ಬರುವ ವಸಂತಕ್ಕೆ ತೆಗೆಸೋಣ' ಎನ್ನುತ್ತ ಬಂದ. ಮೊದಲು ಅವನ ತಾಯಿ ಬೇಡ ಅಂದರು. ಆಮೇಲೆ ಅವನ ಕಾಯಿಲೆ. ಕಳೆದ ವರ್ಷ ಅವನೂ ಹೋದ. ಮನೆಯನ್ನು ನನ್ನ ಹೆಸರಿಗೆ ಬರೆದಿಟ್ಟು ಹೋದ.

ಆಸ್ಪತ್ರೆಯ ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ಮನೆಗೆ ಬರುತ್ತೇನೆ. ಹೊರಗೆ ಬೆಳಕು ಹರಿದಿರುತ್ತದೆ. ಒಳಗೆ ಬಂದು ದೀಪ ಹಾಕಿ ಚಹಾ ಮಾಡಬೇಕು. ಇಡೀ ದಿನದಲ್ಲಿ ನನಗೆ ಸಿಗುವ ಬಿಸಿಲು ಆ ಒಂದು ಗಂಟೆಯದು. ಅದು ಗೋಡೆಯ ಆಚೆ ಬಿದ್ದು ಹೋಗುತ್ತದೆ.

ಕಿಟಕಿ ತೆರೆಯಲು ಕೌನ್ಸಿಲ್‌ಗೆ ಬರೆದೆ. ಒಬ್ಬ ಅಧಿಕಾರಿ ಬಂದ. ನಾನು ಕೊಟ್ಟ ಬಿಸ್ಕತ್ತು ತಿಂದ. ಗೋಡೆ ನೋಡಿ, "ಇದು ಸಂರಕ್ಷಿತ ಕಟ್ಟಡ. ಮುಚ್ಚಿದ ಕಿಟಕಿಯೂ ಇತಿಹಾಸವೇ" ಅಂದ. ಪಕ್ಕದ ಹೊಲದಲ್ಲಿರುವ ಎಡ್ಮಂಡನ ಅಣ್ಣ ಬಾಗಿಲಿಗೆ ಒರಗಿ ನಿಂತಿದ್ದರು. "ಕುಸುಮ ಹೇಗೂ ಒಂದು ದಿನ ತನ್ನ ದೇಶಕ್ಕೆ ಹೋಗುವವಳು. ಅಲ್ಲಿ ಬಿಸಿಲಿಗೇನು ಬರ" ಅಂದರು. ಇಬ್ಬರೂ ನಕ್ಕರು. ನಾನು ಬಿಸ್ಕತ್ತಿನ ತಟ್ಟೆ ಎತ್ತಿಟ್ಟೆ.

ಗೋಡೆಯ ಸರಿಯಾದ ನಕ್ಷೆಯೊಂದಿಗೆ ಅರ್ಜಿ ಹಾಕಬೇಕಂತೆ. ನಕ್ಷೆ ಬರೆಯುವ ತಮ್ಮನನ್ನು ಇಟ್ಟುಕೊಂಡು ನಾನು ಬೇರೆಯವರನ್ನು ಯಾಕೆ ಹುಡುಕಲಿ? ಮೂರು ಫೋಟೋ ಇಟ್ಟಿದ್ದೇನೆ.

ಅಕ್ಕ


ರೂವಿ, ಮಸ್ಕತ್
28 ನವೆಂಬರ್ 1986

ಪ್ರೀತಿಯ ಕುಸುಮಕ್ಕನಿಗೆ ಭೋಜನ ನಮಸ್ಕಾರಗಳು.

ಪತ್ರ, ಫೋಟೋ ತಲುಪಿದವು. ಊಟದ ಬಿಡುವಿನಲ್ಲಿ ಫೋಟೋಗಳನ್ನು ಡ್ರಾಯಿಂಗ್ ಬೋರ್ಡಿಗೆ ಅಂಟಿಸಿ ನೋಡಿದೆ. ಪಕ್ಕದ ಮೇಜಿನವ ಇದು ಯಾವ ಸೈಟ್ ಎಂದು ಕೇಳಿದ. ನನ್ನ ಅಕ್ಕನ ಮನೆ ಅಂದೆ. ನಂಬದೆ "ಬಿಡು ಭಾಯಿ" ಅಂದ.

ನಾನು ಇಲ್ಲಿ ಬರೆಯುವ ಮನೆಗಳೆಲ್ಲ ಕಾಂಕ್ರೀಟ್ ಬ್ಲಾಕಿನವು. ಗಾರೆ ಬಳಿದ ಮೇಲೆ ಒಳಗೆ ಏನಿದೆ ಎಂದು ಕಟ್ಟಿದವನಿಗೂ ನೆನಪಿರುವುದಿಲ್ಲ. ನಿನ್ನ ಮನೆಗೆ ಮುಚ್ಚುಮರೆ ಇಲ್ಲ. ಒಂದು ಇಟ್ಟಿಗೆ ಉದ್ದಕ್ಕೆ, ಅದರ ಪಕ್ಕದ್ದು ತಲೆಯಷ್ಟೇ ಕಾಣುವಂತೆ ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ಬುಡದಿಂದ ಮಾಡಿನವರೆಗೆ ಎಲ್ಲೂ ತಪ್ಪಿಲ್ಲ. ಗೋಡೆ ಹೊರಕ್ಕೆ ವಾಲದಂತೆ ಹಾಕಿದ ಕಬ್ಬಿಣದ ಸರಳುಗಳ ತುದಿ ಹೊರಗೆ ಹಾವಿನಂತೆ ಬಳುಕಿದೆ. ಮನೆಯೆದುರಿನ ಹೊಂಡ ಇಟ್ಟಿಗೆಗೆ ಮಣ್ಣು ತೆಗೆದ ಜಾಗವೆಂದು ನೀನು ಮೊದಲೊಮ್ಮೆ ಬರೆದಿದ್ದೆ. ತಾನು ಎದ್ದುಬಂದ ಗುಂಡಿಯನ್ನು ನೋಡಿಕೊಂಡೇ ನಿಂತಿರುವ ಮನೆ.

ಇಂಥ ಮನೆಗಳನ್ನು ನಾನು ಅನುವಾದದ ಕಾದಂಬರಿಗಳಲ್ಲಿ ಮಾತ್ರ ಕಂಡವನು. ಅಲ್ಲಿ 'ಇಟ್ಟಿಗೆಯ ಹಳೆಯ ಮನೆ' ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ನಾನು ಅದಕ್ಕೆಲ್ಲ ಮಂಗಳೂರು ಹಂಚು ಹೊದಿಸಿ, ಮುಂದೆ ಒಂದು ಜಗಲಿ ಕಟ್ಟಿ ಓದಿಕೊಂಡು ಬಂದಿದ್ದೆ.

ಅವಸರ ಮಾಡಬೇಡ. ಅಲ್ಲಿ ನಿಜವಾಗಿ ಕಿಟಕಿ ಇತ್ತೇ? ಎರಡೂ ಬದಿ ಸಮನಾಗಿ ಕಾಣಲೆಂದು ಮೊದಲೇ ಕುರುಡಾಗಿ ಕಟ್ಟಿದ ಕಿಟಕಿಗಳೂ ಇರುತ್ತವೆ. ಮುಚ್ಚಿದ ಇಟ್ಟಿಗೆಯ ಎಡಬಲದಲ್ಲಿ ಮೇಲಿಂದ ಕೆಳಗೆ ನೇರ ಗೆರೆ ಇದೆಯೋ, ಅಥವಾ ಇಟ್ಟಿಗೆಗಳು ಗೋಡೆಯೊಂದಿಗೆ ಹೆಣೆದುಕೊಂಡಿವೆಯೋ ನೋಡು. ಹೆಣೆದಿದ್ದರೆ ಅಲ್ಲಿ ಕಿಟಕಿ ಇರಲೇ ಇಲ್ಲ. ಆಗ ಅಧಿಕಾರಿ ಹೇಳಿದ್ದೇ ಸರಿ.

ನನ್ನನ್ನು ಕೇಳಿದರೆ, ಹಾಗೇ ಇರಲಿ. ಇಷ್ಟು ಕಾಲ ನಿಂತದ್ದನ್ನು ನಾವು ಯಾಕೆ ಮುಟ್ಟಬೇಕು? ಒಂದು ಒಳ್ಳೆಯ ಟ್ಯೂಬ್‌ಲೈಟ್ ಹಾಕಿಸು.

ನಿನ್ನ ತಮ್ಮ
ಭೋಜರಾಜ


ಕ್ಲೇಪಿಟ್ ಫಾರ್ಮ್
14 ಡಿಸೆಂಬರ್ 1986

ಟ್ಯೂಬ್‌ಲೈಟ್ ಹಾಕಿಸು ಎಂದು ಬರೆದ ತಮ್ಮನಿಗೆ,

ನಿನ್ನ ಅನುವಾದದ ಕಾದಂಬರಿಗಳಲ್ಲಿ ಪಾತ್ರೆ ತೊಳೆಯುವವರು ಯಾರು ಮಾರಾಯ? ಮನೆಯ ವರ್ಣನೆ ಮಾಡುವವರು ಯಾರೂ ಅಡುಗೆಮನೆಯಲ್ಲಿ ನಿಂತು ಬರೆದವರಲ್ಲ ಅಂತ ಕಾಣುತ್ತದೆ. ನೀನು ಬಿಸಿಲು ಬೇಡವೆಂದು ಪರದೆ ಎಳೆದು ಏಸಿ ಹಾಕಿ ಕೂತವನು. ನನಗೆ ಬಂದು ಇತಿಹಾಸ ಹೇಳುತ್ತೀ.

ನೋಡು ಅಂದೆಯಲ್ಲ, ನೋಡಿದೆ. ಹಿಮ ಬಿದ್ದ ಬೆಳಿಗ್ಗೆ ಏಣಿ ಹತ್ತಿ ನೋಡಿದೆ. ಎರಡೂ ಬದಿ ನೇರ ಗೆರೆ ಇದೆ. ಮುಚ್ಚಿದ ಇಟ್ಟಿಗೆಯ ಬಣ್ಣ ಬೇರೆ, ಸುಣ್ಣದ ಗಾರೆ ಬೇರೆ. ನಿನ್ನ 'ಒಂದು ಉದ್ದ ಒಂದು ಅಡ್ಡ' ಅಲ್ಲಿ ಇಲ್ಲವೇ ಇಲ್ಲ, ಕೈಗೆ ಸಿಕ್ಕಿದ್ದನ್ನು ತುರುಕಿದ್ದಾರೆ. ಒಳಗಡೆ ಗಾರೆ ಕೆರೆದೆ. ಓಕ್ ಮರದ ತೊಲೆ ಸಿಕ್ಕಿತು. ಕಿಟಕಿಯ ಬಾಗಿಲು ತೂಗುಹಾಕುವ ಎರಡು ಕಬ್ಬಿಣದ ಕೀಲೂ ಇವೆ. ಯಾರೋ ಒಬ್ಬಳು ದಿನಾ ಬೆಳಿಗ್ಗೆ ಅದನ್ನು ತೆರೆಯುತ್ತಿದ್ದಳು ಭೋಜ. ಕೀಲಿನ ಒಂದು ಬದಿ ಸವೆದಿದೆ.

ಪ್ರತಿ ಸಾಲಿನ ಇಟ್ಟಿಗೆ ಅಳೆದು ಬೇರೆ ಹಾಳೆಗಳಲ್ಲಿ ಬರೆದಿದ್ದೇನೆ. ಕೌನ್ಸಿಲ್‌ನ ಅರ್ಜಿಯನ್ನೂ ಇಟ್ಟಿದ್ದೇನೆ, ನಕ್ಷೆ ಯಾವ ಅಳತೆಯಲ್ಲಿರಬೇಕು ಎಂದು ಅದರಲ್ಲಿದೆ. ಬುದ್ಧಿ ಹೇಳುವುದು ಬಿಟ್ಟು ನಕ್ಷೆ ಬರೆ.

ಅಕ್ಕ


ರೂವಿ
16 ಜನವರಿ 1987

ಪ್ರೀತಿಯ ಅಕ್ಕ,

ಸೋತೆ. ಸವೆದ ಕೀಲಿನ ಮುಂದೆ ನನ್ನ ವಾದ ನಿಲ್ಲುವುದಿಲ್ಲ.

ನಕ್ಷೆ ಮುಗಿಯಿತು. ಒಂದೊಂದು ಇಟ್ಟಿಗೆಯನ್ನೂ ನಿನ್ನ ಅಳತೆಯಂತೆ ಬರೆದಿದ್ದೇನೆ. ಕಮಾನನ್ನು ಮುಟ್ಟಿಲ್ಲ. ಓಕ್ ಮರದ ಚೌಕಟ್ಟು, ಸಣ್ಣ ಗಾಜುಗಳು. ತೆಗೆದ ಇಟ್ಟಿಗೆಯನ್ನು ಕೊಟ್ಟಿಗೆಯಲ್ಲಿ ಜೋಡಿಸಿಡಬೇಕೆಂದೂ ಸೂಚಿಸಿದ್ದೇನೆ. ಮುಂದೆ ಯಾರಿಗಾದರೂ ಮತ್ತೆ ಮುಚ್ಚಬೇಕೆನಿಸಿದರೆ ಅದೇ ಇಟ್ಟಿಗೆ ಸಿಗಲಿ. ಮಗಳು ನೋಡಿ, "ಡ್ಯಾಡಿ, ದಿಸ್ ವಿಂಡೋ ಹ್ಯಾಸ್ ನೋ ವಿಂಡೋ" ಅಂದಳು. ಕನ್ನಡದಲ್ಲಿ ಹೇಳು ಅಂದೆ. "ಅತ್ತೆಗೆ ಬೇಗ ಕಿಟಕಿ ಕೊಡಿ" ಅಂದಳು.

ನಿನಗೆ ರಾತ್ರಿ ಡ್ಯೂಟಿ, ಮೇಲಿಂದ ಆ ಅಧಿಕಾರಿಗಳ ಹಿಂದೆ ಓಡಾಟ ಬೇರೆ. ಅದಕ್ಕೆ ನಾನೇ ಅರ್ಜಿ ತುಂಬಿ, ಸಹಿ ಹಾಕಿ, ನಕ್ಷೆಯೊಂದಿಗೆ ನೇರ ಕೌನ್ಸಿಲ್‌ಗೆ ಕಳಿಸಿದ್ದೇನೆ. ಇನ್ನು ನೀನು ಏನೂ ಮಾಡಬೇಕಾಗಿಲ್ಲ.

ಆಫೀಸಿನಲ್ಲಿ ಒಂದು ಸಣ್ಣ ಬದಲಾವಣೆ ಆಗುವುದಿದೆ. ವಿಶೇಷವೇನಿಲ್ಲ. ಪೋಸ್ಟ್ ಬಾಕ್ಸ್ ಅದೇ, ಅದಕ್ಕೇ ಬರೆ.

ಭೋಜ


ಕ್ಲೇಪಿಟ್ ಫಾರ್ಮ್
2 ಏಪ್ರಿಲ್ 1987

ಶ್ರೀ ಭೋಜರಾಜ, ಮಾಲೀಕರು, ಕ್ಲೇಪಿಟ್ ಫಾರ್ಮ್, ಇವರ ಸನ್ನಿಧಿಗೆ,

ಹೀಗಲ್ಲವೇ ಇನ್ನು ಮುಂದೆ ಬರೆಯಬೇಕಾದದ್ದು?

ನೆರೆಯವರ ಆಕ್ಷೇಪಣೆ ಕೇಳಲು ಕೌನ್ಸಿಲ್ ಒಂದು ಕಾಗದ ಕಳಿಸುತ್ತದೆ. ಅದು ಎಡ್ಮಂಡನ ಅಣ್ಣನಿಗೆ ಬಂತು. ಅವರು ಗೇಟಿನ ಬಳಿ ಅದನ್ನು ಹಿಡಿದುಕೊಂಡು ನಿಂತು, "ಕುಸುಮ, ಮನೆ ಮಾರಿದ್ದನ್ನು ಹೇಳಲೇ ಇಲ್ಲವಲ್ಲ. ಮಸ್ಕತ್ತಿನವರು ಒಳ್ಳೆಯ ಬೆಲೆ ಕೊಟ್ಟರೋ?" ಅಂದರು. ನಾನು ಕಸಿದುಕೊಂಡು ಓದಿದೆ. ಸ್ಥಳ: ಕ್ಲೇಪಿಟ್ ಫಾರ್ಮ್. ಮಾಲೀಕರು: ಭೋಜರಾಜ, ಪೋಸ್ಟ್ ಬಾಕ್ಸ್, ರೂವಿ, ಮಸ್ಕತ್. ನನ್ನ ಹೆಸರು ಎಲ್ಲಿಯೂ ಇಲ್ಲ. ಕಾಗದ ತಿರುಗಿಸಿಯೂ ನೋಡಿದೆ.

ಕೌನ್ಸಿಲ್‌ಗೆ ಫೋನ್ ಮಾಡಿದೆ. ಮಾತಾಡಿದ ಹುಡುಗಿ ಬಹಳ ವಿನಯದವಳು. "ಕ್ಷಮಿಸಿ, ಅರ್ಜಿಯ ವಿಷಯ ಮಾಲೀಕರೊಂದಿಗೆ ಮಾತ್ರ ಮಾತಾಡಬಹುದು. ನೀವು ಅವರಿಗೆ ಏನಾಗಬೇಕು?"

"ಅಕ್ಕ" ಅಂದೆ.

"ಹಾಗಿದ್ದರೆ ಅವರಿಂದ ಒಂದು ಒಪ್ಪಿಗೆ ಪತ್ರ ತರಿಸಿ."

ಅಡುಗೆಮನೆಯಲ್ಲಿ ನಿಂತೇ ಈ ಮಾತು ಕೇಳಿದೆ. ದೀಪ ಉರಿಯುತ್ತಿತ್ತು, ಬೆಳಿಗ್ಗೆ ಒಂಬತ್ತು ಗಂಟೆ. ಈ ದೇಶಕ್ಕೆ ನಾನು ಒಬ್ಬಳೇ ಬಂದದ್ದು, ನನ್ನ ಹೆಸರಿನ ನರ್ಸಿಂಗ್ ಸರ್ಟಿಫಿಕೇಟ್ ಹಿಡಿದುಕೊಂಡು. ಈ ಮನೆಯಲ್ಲಿ ಎಡ್ಮಂಡನಿಗೆ ಕೊನೆಯವರೆಗೆ ಸ್ನಾನ ಮಾಡಿಸಿದ್ದು, ಅನ್ನ ಉಣಿಸಿದ್ದು ನಾನು. ಏಣಿ ಹತ್ತಿ ಇಟ್ಟಿಗೆ ಅಳೆದದ್ದು ನಾನು. ನೀನು ಈ ಮನೆಯ ಗೇಟನ್ನೂ ಕಂಡವನಲ್ಲ.

ಎಂತ ಭೋಜ ಇದು?


ರೂವಿ
24 ಏಪ್ರಿಲ್ 1987

ಅಕ್ಕನಿಗೆ,

ಕಳ್ಳ ಎಂಬ ಶಬ್ದವನ್ನು ನೀನು ಬರೆದಿಲ್ಲ, ಅಷ್ಟೇ. ಬರೆದಿದ್ದರೆ ಓದಲು ಇನ್ನಷ್ಟು ಸುಲಭವಿತ್ತು.

ನೀನು ಊರಿನ ಕ್ರಮ ಮರೆತಿರಬಹುದು, ನಾನು ಮರೆತಿಲ್ಲ. ಅಳಿಯಕಟ್ಟಿನ ನಮ್ಮಲ್ಲಿ ಮನೆ ಹೆಣ್ಣಿನದು. ಅವಳ ಪರವಾಗಿ ಸಹಿ ಹಾಕುವವನು ಅವಳ ಜೊತೆ ಹುಟ್ಟಿದವನು. ಅಮ್ಮನ ಗದ್ದೆಯ ಕಾಗದಗಳಿಗೆಲ್ಲ ಕೊಗ್ಗ ಮಾವ ಸಹಿ ಹಾಕಿದರು. ಅದರಿಂದ ಗದ್ದೆ ಕೊಗ್ಗ ಮಾವನದು ಎಂದು ಊರಿನಲ್ಲಿ ಒಂದು ನಾಯಿಯೂ ತಿಳಿಯಲಿಲ್ಲ. ಅವರು ಸಾಯುವಾಗ ಅವರದೆಂದು ಇದ್ದದ್ದು ಒಂದು ಕೊಡೆ. ತಂಗಿಯ ಮನೆಯನ್ನು ಹೊತ್ತು ನಡೆಯುವುದೇ ಅವರ ಮರ್ಯಾದೆಯಾಗಿತ್ತು.

ಭಾವ ತೀರಿಕೊಂಡ ಮೇಲೆ ನಿನ್ನ ಕಾಗದಗಳಿಗೆ ಸಹಿ ಹಾಕುವವನು ಇನ್ನು ಯಾರು? ಮಾಲೀಕರ ಸಹಿ ಎಂಬಲ್ಲಿ ನಾನು ಹಾಕಿದ್ದು ನನಗೆ ಸಹಜವಾಗಿ ಕಂಡಿತು. ಸಂಶಯ ಕೂಡ ಬರಲಿಲ್ಲ. ಆ ದೇಶದಲ್ಲಿ ಸಹಿ ಹಾಕಿದವನೇ ಒಡೆಯ ಎಂದಾದರೆ ಅದು ಅವರ ಕ್ರಮ. ಅದಕ್ಕೆ ನನ್ನನ್ನು ಸನ್ನಿಧಿ ಎಂದೆಲ್ಲ ಕರೆಯಬೇಕಾಗಿರಲಿಲ್ಲ.

ಭೋಜರಾಜ


ಕ್ಲೇಪಿಟ್ ಫಾರ್ಮ್
10 ಮೇ 1987

ಭೋಜ,

ನಾನು ಏನನ್ನೂ ಮರೆತಿಲ್ಲ. ಕೊಗ್ಗ ಮಾವ ಒಳ್ಳೆಯವರು. ಆದರೆ ಅವರು ಜಗಲಿಯಲ್ಲಿ ಸಹಿ ಹಾಕುವಾಗ ಅಮ್ಮ ಎಲ್ಲಿ ನಿಲ್ಲುತ್ತಿದ್ದಳು ಎಂದು ನಿನಗೆ ನೆನಪುಂಟೋ? ಬಾಗಿಲಿನ ಒಳಗೆ. ಶ್ಯಾನುಭೋಗರಿಗೆ ಮಜ್ಜಿಗೆ ಹಿಡಿದುಕೊಂಡು. ಅವಳಿಗೆ ಬರೆಯಲು ಬರುತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿರುವಾಗ ನಾನೇ ಕಲಿಸಿದ್ದು. ಅಪ್ಪಿ ಎಂಬ ಅವಳ ಹೆಸರಿನ ಎರಡೇ ಅಕ್ಷರ. ಬೂದಿಯ ಮೇಲೆ ಬೆರಳಿನಿಂದ ಬರೆದು ಬರೆದು ಕಲಿತಳು. ಒಂದು ಕಾಗದದ ಮೇಲೂ ಅದನ್ನು ಬರೆಯುವ ಸಂದರ್ಭ ಅವಳಿಗೆ ಬರಲಿಲ್ಲ. ಮಾವ ಬೇಡ ಅಂದದ್ದಲ್ಲ. ಯಾರೂ ಕೇಳಲಿಲ್ಲ, ಅಷ್ಟೇ.

ಎರಡು ವರ್ಷದ ಹಿಂದೆ ಅಮ್ಮನ ವರ್ಷಾಂತಿಕಕ್ಕೆ ನೀನು ಊರಿಗೆ ಹೊರಟಿದ್ದೆ. ನಿನ್ನ ವೀಸಾದ ಧಣಿ, ಆ ಕಫೀಲ್, ರಜೆಯ ಕಾಗದಕ್ಕೆ ಸಹಿ ಹಾಕಲಿಲ್ಲ, ಕಂಪನಿಯ ಕಪಾಟಿನಿಂದ ಪಾಸ್‌ಪೋರ್ಟ್ ಹೊರಗೆ ಬರಲಿಲ್ಲ. ಆಗ ನನಗೆ ಬರೆದಿದ್ದೆ: 'ನನ್ನ ವಿಷಯದ ಕಾಗದದಲ್ಲಿ ಎಲ್ಲರ ಸಹಿಗೂ ಜಾಗ ಇದೆ ಅಕ್ಕ, ನನ್ನದಕ್ಕೆ ಇಲ್ಲ.' ಆ ಸಾಲು ಓದಿ ನಾನು ಡ್ಯೂಟಿಗೆ ಹೋಗದೆ ಕೂತಿದ್ದೆ.

ಈಗ ಅದೇ ಸಾಲನ್ನು ನಾನು ನಿನಗೆ ಬರೆಯುತ್ತಿದ್ದೇನೆ. ನಿನ್ನ ಕಫೀಲ್ ದರ್ಪದಿಂದ ಮಾಡಿದ್ದು. ನೀನು ಪ್ರೀತಿಯಿಂದ ಮಾಡಿದ್ದು. ಫೋನು ಹಿಡಿದು ನಿಂತವಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

'ಅರ್ಜಿ ಹಿಂತೆಗೆದುಕೊಂಡಿದ್ದೇನೆ, ಮನೆ ನನ್ನದಲ್ಲ' ಎಂದು ಕೌನ್ಸಿಲ್‌ಗೆ ಬರೆ. ಮೂರು ಸಾಲು ಸಾಕು.

ಕುಸುಮ


ಕ್ಲೇಪಿಟ್ ಫಾರ್ಮ್
22 ನವೆಂಬರ್ 1987

ಭೋಜ,

ನಿನ್ನ ಮೂರು ಸಾಲು ಜೂನ್ ತಿಂಗಳಲ್ಲೇ ಕೌನ್ಸಿಲ್‌ಗೆ ತಲುಪಿತಂತೆ. ಅವರಿಗೆ ಮೂರು ಸಾಲು, ನನಗೆ ಒಂದೂ ಇಲ್ಲ. ನಾನು ಕಳಿಸಿದ ದೀಪಾವಳಿಯ ಕಾರ್ಡಿಗೂ ಉತ್ತರ ಇಲ್ಲ. ಮುನಿಸು ಇಷ್ಟು ಉದ್ದ ಇರಬಾರದು. ಅದೂ ತಪ್ಪು ಮಾಡಿದವನಿಗೆ.

ನನ್ನ ಹೆಸರಿನಲ್ಲಿ ಹೊಸ ಅರ್ಜಿ ಹಾಕುವವಳಿದ್ದೇನೆ. ಹಳೆಯ ನಕ್ಷೆಯಲ್ಲಿ ನಿನ್ನ ಹೆಸರಿದೆ, ಅದು ನಡೆಯುವುದಿಲ್ಲ ಅಂದರು. ಹಠಕ್ಕೆ ನಾನೇ ಕೂತು ಬರೆದೆ. ಕೋಳಿಗೂಡಿನ ಹಾಗೆ ಬಂತು. ಬಿಸ್ಕತ್ತಿನ ಅಧಿಕಾರಿ ಅದನ್ನು ನೋಡಿ ಬಹಳ ಮುದ್ದಾಗಿದೆ ಅಂದ. ಮುದ್ದಾಗಿದೆ ಅಂದರೆ ಇಲ್ಲಿ ಏನರ್ಥ ಎಂದು ನನಗೆ ಇಷ್ಟು ವರ್ಷಗಳಲ್ಲಿ ಗೊತ್ತಾಗಿದೆ.

ಏಸಿಯ ಕೆಳಗೆ ಕೂತು ಸಿಟ್ಟು ತಣಿದಿದ್ದರೆ ಒಂದು ನಕ್ಷೆ ಬರೆದು ಕಳಿಸು. ಸಹಿ ಇಲ್ಲದೆ.

ಅಕ್ಕ


ಅಲ್ ಗುಬ್ರಾ, ಮಸ್ಕತ್
12 ಫೆಬ್ರವರಿ 1988

ಅಕ್ಕ,

ನಕ್ಷೆಯನ್ನು ಬೇರೆ ಸುರುಳಿಯಲ್ಲಿ ಕಳಿಸಿದ್ದೇನೆ. ಹಿಂದಿನದರಲ್ಲಿ ಕಮಾನಿನ ಎಡಗಡೆ ಒಂದು ಇಟ್ಟಿಗೆ ತಪ್ಪಿತ್ತು. ನಿನ್ನ ಅಳತೆ ಸರಿಯಿತ್ತು, ನಾನು ಬರೆದದ್ದು ತಪ್ಪು. ತಿದ್ದಿದ್ದೇನೆ. ಕೆಳಗೆ ಬಲಮೂಲೆಯಲ್ಲಿ ಮಾಲೀಕರು ಎಂಬಲ್ಲಿ ಖಾಲಿ ಬಿಟ್ಟಿದ್ದೇನೆ. ಹೆಸರನ್ನೂ ನಾನು ಬರೆದಿಲ್ಲ. ನೀನೇ ಬರೆ.

ಉಳಿದಂತೆ ಕ್ಷೇಮ. ಇಲ್ಲಿ ಬಿಸಿಲು ಇನ್ನೂ ಶುರುವಾಗಿಲ್ಲ.

ಭೋಜ

(ಇದೇ ಹಾಳೆಯ ಹಿಂಬದಿಯಲ್ಲಿ, ಬೇರೆ ಕೈಬರಹದಲ್ಲಿ)

ಕುಸುಮಕ್ಕ, ಇವರು ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ನಿಮಗೆ ಹೇಳಬಾರದು ಎಂದು ಆಣೆ ಹಾಕಿದ್ದರು. ಆಣೆ ನನ್ನ ಮೇಲೆ, ಕಾಗದದ ಮೇಲೆ ಅಲ್ಲವಲ್ಲ.

ಇವರು ರೂವಿಯ ಆಫೀಸಿನಲ್ಲಿ ಇಲ್ಲ. ಬೇರೆ ಕಂಪನಿಯವರು ಒಳ್ಳೆಯ ಕೆಲಸ ಕೊಡುತ್ತೇವೆ ಎಂದು ಕರೆದರು. ಇವರು ಬಿಡುಗಡೆ ಕೇಳಿದರು. ಕಫೀಲ್ ಕೊಡಲಿಲ್ಲ. "ಹೋಗಬೇಕೆಂಬ ಆಸೆ ಬಂತಲ್ಲ, ಹೋಗು" ಎಂದು ಹೋದ ವರ್ಷ ಫೆಬ್ರವರಿಯಲ್ಲಿ ರುಸೈಲ್‌ನ ಕಾಂಕ್ರೀಟ್ ಬ್ಲಾಕಿನ ಫ್ಯಾಕ್ಟರಿಗೆ ಹಾಕಿದರು. ಅಲ್ಲಿ ತಗಡಿನ ಶೆಡ್ಡು. ಒಳಗೆ ಬರುವ ಹೊರಗೆ ಹೋಗುವ ಲಾರಿ ನೋಡಿಕೊಳ್ಳುವ ಕೆಲಸ. ಏಸಿ ಎಂದು ನೀವು ಬರೆದದ್ದನ್ನು ಓದಿ ಇವರು ಸುಮ್ಮನೆ ನಕ್ಕರು. ನನಗೇ ಸಿಟ್ಟು ಬಂತು.

ಮುನಿಸಲ್ಲ ಕುಸುಮಕ್ಕ. ನಿಮ್ಮ ಮೇ ತಿಂಗಳ ಪತ್ರ ಬಂದದ್ದು ಇವರು ಎರಡನೇ ಸಲ ಕೇಳಲು ಹೋಗಿ, "ಖಲಾಸ್, ಯಲ್ಲಾ", ಮುಗಿಯಿತು ನಡೆ, ಎಂದು ಹೊರಗೆ ಅಟ್ಟಿಸಿಕೊಂಡು ಬಂದ ದಿನ. ಪತ್ರ ಓದಿ ಕೌನ್ಸಿಲ್‌ನ ಮೂರು ಸಾಲು ಆಗಲೇ ಬರೆದರು. ನಿಮಗೆ ಬರೆಯಲು ಎಷ್ಟೋ ಸಲ ಕೂತರು, ಹರಿದರು. "ಅಕ್ಕ ಹೇಳಿದ್ದು ಸರಿ. ಸರಿ ಎಂದು ಬರೆದರೆ ಇದನ್ನೂ ಬರೆಯಬೇಕಾಗುತ್ತದೆ" ಅಂದರು.

ಡ್ರಾಯಿಂಗ್ ಬೋರ್ಡು ಆಫೀಸಿನಲ್ಲೇ ಉಳಿಯಿತು. ಈ ನಕ್ಷೆಯನ್ನು ಶುಕ್ರವಾರಗಳಲ್ಲಿ ನಮ್ಮ ಊಟದ ಮೇಜಿನ ಮೇಲೆ ಬರೆದದ್ದು. ಮಕ್ಕಳಿಗೆ ನೆಲದ ಮೇಲೆ ಊಟ ಹಾಕಿದೆ. ಮೂಲೆಯಲ್ಲಿ ಸಾರಿನ ಕಲೆ ಕಂಡರೆ ಕ್ಷಮಿಸಿ.

ಉಮಾವತಿ


ಕ್ಲೇಪಿಟ್ ಫಾರ್ಮ್
16 ಏಪ್ರಿಲ್ 1989

ಭೋಜ,

ರುಸೈಲ್ ವಿಷಯ ನನ್ನಿಂದ ಮುಚ್ಚಿಟ್ಟದ್ದಕ್ಕೆ ಕಳೆದ ವರ್ಷ ಬರೆದ ಪತ್ರಗಳಲ್ಲಿ ಸಾಕಷ್ಟು ಬೈದಿದ್ದೇನೆ. ಈ ಪತ್ರದಲ್ಲಿ ಬೈಯುವುದಿಲ್ಲ. ಕೊನೆಯಲ್ಲಿ ಸ್ವಲ್ಪ ಬೈಯಬಹುದು.

ಕಿಟಕಿ ತೆರೆಯಿತು.

ಅನುಮತಿ ಕೊಡಲು ಅವರು ಎಂಟು ತಿಂಗಳು ತೆಗೆದುಕೊಂಡರು. ಎಡ್ಮಂಡನ ಅಣ್ಣ ಆಕ್ಷೇಪಣೆ ಬರೆದಿದ್ದರು. ಮನೆಯ ಮುಖ ಕೆಡುತ್ತದೆಯಂತೆ. ಸಭೆಯಲ್ಲಿ ನಾನು ಎದ್ದು, "ಮನೆಯ ಮುಖ ನೋಡುವವರು ನೀವು. ಒಳಗೆ ಇರುವವಳು ನಾನು. ಕಾಗದದ ಮೇಲಿರುವ ಹೆಸರು ನನ್ನದು, ಓದಿ ನೋಡಿ" ಅಂದೆ. ಅಧ್ಯಕ್ಷರು ನಿಜವಾಗಿಯೂ ಕನ್ನಡಕ ಹಾಕಿ ಓದಿದರು.

ಮೇಸ್ತ್ರಿ ಒಂದೊಂದೇ ಇಟ್ಟಿಗೆ ಕೈಯಲ್ಲಿ ಬಿಡಿಸಿದ. ಎಲ್ಲ ಕೊಟ್ಟಿಗೆಯಲ್ಲಿ ಜೋಡಿಸಿದೆ, ನೀನು ಸೂಚಿಸಿದ ಹಾಗೆ. ನನ್ನ ಕಾಲದಲ್ಲಿ ಅವುಗಳನ್ನು ಯಾರೂ ಮುಟ್ಟುವುದಿಲ್ಲ. ಆ ಹಳೆಯ ಕೀಲುಗಳಿಗೇ ಹೊಸ ಬಾಗಿಲು ತೂಗುಹಾಕಿದ. ಸವೆದ ಬದಿಗೆ ಸರಿಯಾಗಿ ಕೂತಿತು.

ಹೊರಗೆ ಏನು ಕಾಣುತ್ತದೆ ಎಂದು ನಿನ್ನ ಕಾದಂಬರಿಯವರಾದರೆ ಒಂದು ಪುಟ ಬರೆಯುತ್ತಿದ್ದರು. ಕಾಣುವುದು ಎಡ್ಮಂಡನ ಅಣ್ಣನ ಬೀಟ್‌ರೂಟ್ ರಾಶಿ, ಅದರಾಚೆ ಮಣ್ಣಿನ ಗುಂಡಿ. ಒಳಗೆ ಬೆಳಕು ಬಿದ್ದ ಮೇಲೆ ಗೋಡೆಯ ಮೇಲಿನ ಮಸಿಯೆಲ್ಲ ಕಂಡು ಎರಡು ದಿನ ತಿಕ್ಕಿದೆ. ಆದರೆ ಈಗ ಚಹಾ ಮಾಡಲು ದೀಪ ಹಾಕುವುದಿಲ್ಲ. ಬಿಸಿಲು ಮೇಜಿನ ಈ ತುದಿಗೆ ಬರುವವರೆಗೆ ಕೂತಿರುತ್ತೇನೆ. ನಿನ್ನ ನಕ್ಷೆಗೆ ಗಾಜು ಹಾಕಿಸಿ ಎದುರಿನ ಗೋಡೆಗೆ ತೂಗಿದ್ದೇನೆ, ಸಾರಿನ ಕಲೆಯೊಂದಿಗೆ. ಬಲಮೂಲೆಯಲ್ಲಿ ನನ್ನ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಬರೆದವರು' ಎಂದು ನಿನ್ನದು.

ಈಗ ಬೈಗುಳ. ನಿನಗಲ್ಲ. ಎರಡು ವರ್ಷದಿಂದ ನಿನ್ನನ್ನು ತಗಡಿನ ಕೆಳಗೆ ನಿಲ್ಲಿಸಿದವನಿಗೆ. ಅವನಿಗೆ ಒಂದು ಪತ್ರ ಬರೆದಿದ್ದೇನೆ, ಇಂಗ್ಲಿಷಿನಲ್ಲಿ, ನಾಲ್ಕು ಪುಟ. ಮನೆಯ ಹಿರಿಯಳು ಎಂದು ಕೊನೆಯಲ್ಲಿ ಹಾಕಿದ್ದೇನೆ. ಇಲ್ಲಿ ನಮ್ಮ ಆಸ್ಪತ್ರೆಯ ರುಕಿಯಾ ಮಸ್ಕತ್ತಿನಲ್ಲಿ ಕೆಲಸ ಮಾಡಿ ಬಂದವಳು. ಅವಳು ಓದಿ, "ಇಂಥ ಕಾಗದದಿಂದ ಬಿಡುಗಡೆ ಸಿಕ್ಕಲೂಬಹುದು, ಇದ್ದ ಕೆಲಸ ಹೋಗಲೂಬಹುದು" ಅಂದಳು. ಆದರೂ ಲಕೋಟೆಗೆ ವಿಳಾಸ ಬರೆದು, ಸ್ಟಾಂಪು ಹಚ್ಚಿ, ಅಂಚೆಡಬ್ಬಿಯವರೆಗೆ ನಡೆದೆ. ಎಷ್ಟು ಸಹಜವಾಗಿ ನಡೆದೆ ಎಂದರೆ, ಸಂಶಯ ಕೂಡ ಬರಲಿಲ್ಲ. ಡಬ್ಬಿಯ ಬಾಯಿಯ ಹತ್ತಿರ ಕೈ ನಿಂತಿತು.

ಆ ಪತ್ರ ಇದರೊಳಗೆ ಇದೆ. ಲಕೋಟೆಯನ್ನು ಬಿಚ್ಚಿದ್ದೇನೆ. ಉಮಾವತಿಯೊಂದಿಗೆ ಕೂತು ಓದು. ಬೇಕಾದರೆ ನನಗೆ ತಿರುಗಿ ಕಳಿಸು, ಬೇಡವಾದರೆ ಹರಿ. ತಿದ್ದಬೇಕೆಂದಿದ್ದರೆ ತಿದ್ದು, ನನ್ನ ಇಂಗ್ಲಿಷ್ ಸಿಟ್ಟಿನಲ್ಲಿ ಕೆಡುತ್ತದೆ.

ಸಹಿ ಹಾಕಿದ್ದ ಕೊನೆಯ ಹಾಳೆಯನ್ನು ಮತ್ತೆ ಬರೆದಿದ್ದೇನೆ, ಸಹಿಯ ಜಾಗ ಖಾಲಿ ಇದೆ. ನೀನು ಹೂಂ ಎಂದು ಬರೆ, ಆಮೇಲೆ ಹಾಕುತ್ತೇನೆ.

ಅಕ್ಕ